ಸುಂಕ ಇಳಿದರೂ ಎಣ್ಣೆ ರೇಟು ಯಾಕೆ ಇಳಿಯಲಿಲ್ಲ?

ಉಡುಪಿ ಬಳಿಯ ಕಟಪಾಡಿಯ ಓದುಗರೊಬ್ಬರ ಪ್ರಶ್ನೆ: "ಸರ್, ನಾನು ತಿಂಗಳ ಖರ್ಚನ್ನೆಲ್ಲ ಪುಸ್ತಕದಲ್ಲಿ ಬರೆದಿಡುವವಳು. ಅಡುಗೆ ಎಣ್ಣೆಯ ಸುಂಕ ಇಳಿಸಿದರು ಅಂತ ಪೇಪರಿನಲ್ಲಿ ಓದಿದೆ. ಹಣದುಬ್ಬರ ಸೊನ್ನೆಯ ಹತ್ತಿರ ಬಂತು ಅಂತ ಟಿವಿಯಲ್ಲಿ ನೋಡಿದೆ. ನಮ್ಮ ಮನೆಯ ಬಿಲ್ ಮಾತ್ರ ಇಳಿಯಲೇ ಇಲ್ಲ. ಅಂಗಡಿಯವರನ್ನು ಕೇಳಿದರೆ ಒಂದು ಸಲ ಟ್ರಂಪ್ ಟ್ಯಾರಿಫ್ ಅಂತಾರೆ, ಇನ್ನೊಂದು ಸಲ ಹಡಗಿನ ಬಾಡಿಗೆ ಅಂತಾರೆ. ಇದರಲ್ಲಿ ಯಾವುದು ನಿಜ? ಎಣ್ಣೆ, ಬೇಳೆಯನ್ನು ಎರಡು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ತಂದಿಟ್ಟರೆ ಲಾಭ ಇದೆಯಾ?"

ಉತ್ತರ:

ಟ್ಯಾರಿಫ್ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಗೊಂದಲ ಜಾಸ್ತಿ ಇರುವುದು ಅಲ್ಲೇ. ಅಮೆರಿಕ 2025ರ ಆಗಸ್ಟ್ 7ರಿಂದ ನಮ್ಮ ದೇಶದ ಸರಕಿಗೆ ಶೇ 25 ಸುಂಕ ಹಾಕಿತು, ಅದೇ ತಿಂಗಳ 27ರಿಂದ ಇನ್ನೂ ಶೇ 25 ಸೇರಿಸಿತು. ಆ ದುಡ್ಡು ಕಟ್ಟುವವರು ಅಮೆರಿಕದ ಆಮದುದಾರರು, ಹೋಗುವುದು ಅವರ ಸರಕಾರದ ಖಜಾನೆಗೆ. ಕಟಪಾಡಿಯ ಅಂಗಡಿಯಲ್ಲಿರುವ ಎಣ್ಣೆ ಪ್ಯಾಕೆಟ್ಟಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಹಾಗಂತ ನಮ್ಮ ಕಡೆಗೆ ಅದು ತಟ್ಟಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಿಗಡಿ ರಫ್ತು ಮಾಡುವವರಿಗೋ ಗೋಡಂಬಿ ಕಾರ್ಖಾನೆಗೋ ಆರ್ಡರ್ ಕಡಿಮೆಯಾದರೆ ಅಲ್ಲಿ ದಿನಗೂಲಿಗೆ ಹೋಗುವ ಹೆಂಗಸರಿಗೆ ವಾರದಲ್ಲಿ ಕೆಲಸದ ದಿನ ಕಡಿಮೆಯಾಗುತ್ತದೆ. ಅಂದರೆ ಮನೆಗೆ ಬರುವ ದುಡ್ಡಿಗೆ ಪೆಟ್ಟು ಬೀಳುತ್ತದೆ. ಸಾಮಾನಿನ ರೇಟು ಅದರಿಂದ ಏರುವುದಿಲ್ಲ, ರಫ್ತಾಗದ ಮಾಲು ಇಲ್ಲೇ ಮಾರಾಟಕ್ಕೆ ಬಂದರೆ ಸ್ವಲ್ಪ ಇಳಿಯಲೂಬಹುದು. ಹಾಗಾಗಿ ಅಂಗಡಿಯವರು ಬೇಳೆ ತೂಗುತ್ತಾ ಟ್ರಂಪ್ ಹೆಸರು ಹೇಳಿದರೆ ಒಪ್ಪಬೇಡಿ. ಒಂದೇ ಒಂದು ಸುತ್ತುದಾರಿ ಇದೆ, ಅದು ರೂಪಾಯಿಯ ಬೆಲೆ. ರಫ್ತಿಗೆ ಕಷ್ಟ ಬಂದಾಗ ರೂಪಾಯಿ ಮೇಲೆ ಒತ್ತಡ ಬೀಳುತ್ತದೆ, ರೂಪಾಯಿ ಇಳಿದರೆ ಹೊರಗಿಂದ ಬರುವುದೆಲ್ಲ ತುಟ್ಟಿಯಾಗುತ್ತದೆ. ಆ ಲೆಕ್ಕಕ್ಕೆ ಈಗ ಬರುತ್ತೇನೆ.

ನಿಮ್ಮ ಬಿಲ್ಲಿಗೆ ತಟ್ಟುವ ಸುಂಕ ನಮ್ಮದೇ ಸರಕಾರದ ಆಮದು ಸುಂಕ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದಲೇ ಬರಬೇಕು. ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್‌ನಿಂದ, ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ರಷ್ಯಾ, ಉಕ್ರೇನ್ ಕಡೆಯಿಂದ. ಅದರಲ್ಲಿ ಒಂದಷ್ಟು ನಮ್ಮ ಪಣಂಬೂರಿನ ನವ ಮಂಗಳೂರು ಬಂದರಿಗೇ ಟ್ಯಾಂಕರ್ ಹಡಗಿನಲ್ಲಿ ಬಂದು, ಬೈಕಂಪಾಡಿಯಲ್ಲಿ ಶುದ್ಧವಾಗಿ, ಪ್ಯಾಕೆಟ್ ಆಗಿ ಅಂಗಡಿಗೆ ಹೋಗುತ್ತದೆ. ನಾನು ಈ ಬಂದರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ ಮಾಡುವವನು, ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರ ಕೊಡುವ ಕಸ್ಟಮ್ಸ್ ಅರ್ಜಿ ತುಂಬಿಸಿ ಸುಂಕ ಕಟ್ಟಿಸುವುದೇ ನನ್ನ ಕೆಲಸ. ಅದಕ್ಕೇ ಎಣ್ಣೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

2024ರ ಸೆಪ್ಟೆಂಬರ್ 14ರಿಂದ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. ಕೃಷಿ ಸೆಸ್ ಅನ್ನುವ ಹೆಚ್ಚುವರಿ ತೆರಿಗೆ, ಇವೆರಡರ ಮೇಲೆ ಬೀಳುವ ಸರ್‌ಚಾರ್ಜ್ ಎಲ್ಲ ಸೇರಿ ಒಟ್ಟು ಸುಂಕ ಶೇ 5.5 ಇದ್ದದ್ದು ಶೇ 27.5 ಆಯಿತು. ಎಣ್ಣೆಕಾಳು ಬೆಳೆಯುವ ರೈತರಿಗೆ ಒಳ್ಳೆಯ ಬೆಲೆ ಸಿಗಲಿ ಅನ್ನುವುದು ಸರಕಾರದ ಕಾರಣ. ಆಮೇಲೆ 2025ರ ಮೇ ಕೊನೆಗೆ ಮೂಲ ಸುಂಕವನ್ನು ಶೇ 10ಕ್ಕೆ ಇಳಿಸಿದರು, ಒಟ್ಟು ಶೇ 16.5 ಆಯಿತು. ನೀವು ಪೇಪರಿನಲ್ಲಿ ಓದಿದ್ದು ಇದನ್ನೇ ಇರಬೇಕು.

ಲೆಕ್ಕ ಸುಲಭ ಆಗಲಿ ಅಂತ, ಬಂದರಿಗೆ ಮುಟ್ಟುವಾಗ ಕಚ್ಚಾ ಅಡುಗೆ ಎಣ್ಣೆ ಕೆಜಿಗೆ ಒಂದು ಡಾಲರ್ ಅಂತ ಇಟ್ಟುಕೊಳ್ಳಿ. ಸುಂಕ ಇಳಿದ ಹೊತ್ತಿಗೆ ಡಾಲರ್ ಸುಮಾರು 85 ರೂಪಾಯಿ. ಹಳೆಯ ಸುಂಕದಲ್ಲಿ ಆ ಎಣ್ಣೆ 108 ರೂಪಾಯಿ ಚಿಲ್ಲರೆಗೆ ಬೀಳುತ್ತಿತ್ತು, ಹೊಸ ಸುಂಕದಲ್ಲಿ 99 ರೂಪಾಯಿ. ಉಳಿದದ್ದು 9 ರೂಪಾಯಿ 35 ಪೈಸೆ. ಆದರೆ ಅದೇ ವರ್ಷ ಡಿಸೆಂಬರ್ ಹೊತ್ತಿಗೆ ಡಾಲರ್ 90 ರೂಪಾಯಿ ದಾಟಿತು. 90 ಅಂತಲೇ ಹಿಡಿದರೂ ಅದೇ ಒಂದು ಡಾಲರಿನ ಎಣ್ಣೆ, ಅದೇ ಕಡಿಮೆ ಸುಂಕದಲ್ಲಿ, ಸುಮಾರು 105 ರೂಪಾಯಿಗೆ ಬಂದು ನಿಂತಿತು. ಸುಂಕ ಇಳಿಸಿ ಸರಕಾರ ಬಿಟ್ಟುಕೊಟ್ಟ 9 ರೂಪಾಯಿ ಚಿಲ್ಲರೆಯಲ್ಲಿ 5 ರೂಪಾಯಿ 80 ಪೈಸೆಯನ್ನು ಡಾಲರ್ ನುಂಗಿತು. ಉಳಿದ ಮೂರೂವರೆ ರೂಪಾಯಿ ಶುದ್ಧೀಕರಣ, ಪ್ಯಾಕಿಂಗ್, ಲಾರಿ, ಏಜೆನ್ಸಿ, ಅಂಗಡಿ ಎಲ್ಲ ದಾಟಿ ನಿಮ್ಮ ಕೈಗೆ ಪೂರ್ತಿ ಬರಬೇಕು ಅಂದರೆ ನಡುವಿನವರೆಲ್ಲ ಅದನ್ನು ಮುಟ್ಟದೆ ಬಿಡಬೇಕಲ್ವಾ. ಹೊರದೇಶದಲ್ಲಿ ಎಣ್ಣೆಯ ರೇಟು ಒಂದೇ ಥರ ನಿಲ್ಲುವುದೂ ಇಲ್ಲ. 2022ರಲ್ಲಿ ನೋಡಿದ್ದೀರಿ, ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಸಿಗದ ಹಾಗಾಯಿತು, ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಪಾಮ್ ಎಣ್ಣೆಯ ರಫ್ತನ್ನೇ ಸುಮಾರು ಮೂರೂವರೆ ವಾರ ನಿಲ್ಲಿಸಿಬಿಟ್ಟಿತು.

ಇಲ್ಲಿ ನನಗೆ ಸಿಟ್ಟು ಬರುವ ವಿಷಯ ಒಂದಿದೆ. ಸುಂಕ ಏರಿದ ಸುದ್ದಿ ಅಂಗಡಿಗೆ ಒಂದೇ ವಾರದಲ್ಲಿ ಮುಟ್ಟುತ್ತದೆ, ಇಳಿದ ಸುದ್ದಿ ತಿಂಗಳುಗಟ್ಟಲೆ ದಾರಿಯಲ್ಲೇ ಇರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಸುಂಕ ಏರಿಸಿದ ಕೂಡಲೇ ಕೇಂದ್ರದ ಆಹಾರ ಇಲಾಖೆ ಎಣ್ಣೆ ಕಂಪನಿಗಳನ್ನು ಕರೆದು, ಹಳೆಯ ಸುಂಕದಲ್ಲಿ ಬಂದ ಎಣ್ಣೆ ಸುಮಾರು 30 ಲಕ್ಷ ಟನ್ ದಾಸ್ತಾನಿದೆ, 45ರಿಂದ 50 ದಿನಕ್ಕೆ ಸಾಕು, ಅಲ್ಲಿಯವರೆಗೆ ಎಂಆರ್‌ಪಿ ಏರಿಸಬೇಡಿ ಅಂತ ಹೇಳಬೇಕಾಯಿತು. 2025ರ ಜೂನಿನಲ್ಲಿ ಮತ್ತೆ ಕರೆದು, ಸುಂಕ ಇಳಿಸಿದ್ದರ ಲಾಭ ಜನರಿಗೆ ಕೊಡಿ ಅಂತ ಹೇಳಬೇಕಾಯಿತು. ಎರಡು ಸಲವೂ ಹೇಳಬೇಕಾಗಿ ಬಂದದ್ದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ಬೀದಿಯ ಸಣ್ಣ ಅಂಗಡಿಯವರನ್ನು ಮಾತ್ರ ಇದಕ್ಕೆ ಬೈಯಬೇಡಿ. ಪ್ಯಾಕೆಟ್ ಮೇಲಿನ ರೇಟನ್ನು ಪ್ರಿಂಟ್ ಮಾಡುವುದು ಅವರಲ್ಲ, ಎಣ್ಣೆಯಲ್ಲಿ ಅವರಿಗೆ ಉಳಿಯುವುದೂ ತುಂಬಾ ಕಡಿಮೆ.

ಇನ್ನು ಹಡಗಿನ ಬಾಡಿಗೆ. ಇದು ನಿಜವಾದ ಕಾರಣ, ಆದರೆ ಎಲ್ಲ ಸಾಮಾನಿಗೂ ಒಂದೇ ಅಳತೆಯಲ್ಲಿ ಅಲ್ಲ. 2019ರಲ್ಲಿ 40 ಅಡಿಯ ಒಂದು ಕಂಟೇನರ್ ಸಾಗಿಸಲು ಜಗತ್ತಿನ ಮುಖ್ಯ ದಾರಿಗಳಲ್ಲಿ ಸರಾಸರಿ 1,420 ಡಾಲರ್ ಇತ್ತು, ಕೊರೋನಾ ಕಾಲದಲ್ಲಿ, 2021ರ ಸೆಪ್ಟೆಂಬರಿನಲ್ಲಿ ಅದು 10,377 ಡಾಲರಿಗೆ ಹೋಗಿತ್ತು. ವ್ಯತ್ಯಾಸ ಆಗಿನ ರೂಪಾಯಿಯಲ್ಲಿ ಆರೂವರೆ ಲಕ್ಷ. ಈಗ ಕಂಟೇನರಿನ ಬಾಗಿಲು ತೆಗೆದು ಒಳಗೆ ನೋಡಿ. ಒಳಗೆ 50 ಸಾವಿರ ಇಯರ್‌ಫೋನ್ ಇದ್ದರೆ ಒಂದಕ್ಕೆ ಬೀಳುವುದು 13 ರೂಪಾಯಿ, ಯಾರಿಗೂ ಗೊತ್ತಾಗುವುದಿಲ್ಲ. ಸಾವಿರ ಕುರ್ಚಿ ಇದ್ದರೆ ಒಂದೊಂದಕ್ಕೆ 650 ರೂಪಾಯಿ. ಜಾಗ ಜಾಸ್ತಿ ತಿನ್ನುವ, ಬೆಲೆ ಕಡಿಮೆ ಇರುವ ಸಾಮಾನಿಗೆ ಬಾಡಿಗೆಯ ಪೆಟ್ಟು ಜೋರು. ಬೇಳೆ, ಎಣ್ಣೆ ಇಂಥವು ಹೆಚ್ಚಾಗಿ ದೊಡ್ಡ ಪ್ರಮಾಣದಲ್ಲಿ ಬರುವುದರಿಂದ ಕೆಜಿ ಲೆಕ್ಕಕ್ಕೆ ಬಾಡಿಗೆ ಅಷ್ಟೊಂದು ದೊಡ್ಡದಲ್ಲ.

ಬಾಡಿಗೆಯಲ್ಲಿ ಜನರಿಗೆ ಕಾಣದ ಒಂದು ಸಂಗತಿ ಇದೆ, ದಿನಾ ಬಿಲ್ ಆಫ್ ಎಂಟ್ರಿ ನೋಡುವವರಿಗೆ ಮಾತ್ರ ಕಾಣುವಂಥದ್ದು. ಕಸ್ಟಮ್ಸ್‌ನವರು ಸುಂಕ ಹಾಕುವುದು ಸರಕಿನ ಬೆಲೆಯ ಮೇಲೆ ಮಾತ್ರ ಅಲ್ಲ, ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ. 100 ರೂಪಾಯಿಯ ಸಾಮಾನು, ಬಾಡಿಗೆ 10 ರೂಪಾಯಿ ಅಂತ ಇಟ್ಟುಕೊಳ್ಳಿ. ಸುಂಕ, ಸರ್‌ಚಾರ್ಜ್ ಸೇರಿ ಶೇ 22, ಅದರ ಮೇಲೆ ಜಿಎಸ್‌ಟಿ ಶೇ 18. ಬಾಡಿಗೆ 10ರಿಂದ 30 ಆದರೆ ಏರಿದ್ದು 20 ರೂಪಾಯಿ ತಾನೆ? ಆದರೆ ಆ 20ರ ಮೇಲೂ ಸುಂಕ ಬೀಳುತ್ತದೆ, ಸುಂಕ ಸೇರಿದ್ದರ ಮೇಲೆ ಜಿಎಸ್‌ಟಿ ಬೀಳುತ್ತದೆ, ಬಂದರಿನಿಂದ ಹೊರಗೆ ಬರುವಾಗ ಅದು 29 ರೂಪಾಯಿ ಆಗಿರುತ್ತದೆ. ಆಮೇಲೆ ಸಗಟು ವ್ಯಾಪಾರಿ, ಅಂಗಡಿಯವರು ತಮ್ಮ ಲಾಭವನ್ನು ಶೇಕಡಾ ಲೆಕ್ಕದಲ್ಲಿ ಹಾಕುತ್ತಾರೆ, ಅದೂ ಬಾಡಿಗೆ, ಸುಂಕ ಸೇರಿದ ಬೆಲೆಯ ಮೇಲೆಯೇ. ಕೆಂಪು ಸಮುದ್ರದಲ್ಲಿ 2023ರ ನವೆಂಬರಿನಿಂದ ಯೆಮೆನಿನ ಹೂಥಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರುಮಾಡಿ, ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋಗಲು ತೊಡಗಿದಾಗ 10ರಿಂದ 14 ದಿನ ಪ್ರಯಾಣ ಜಾಸ್ತಿಯಾಯಿತು. ಇಂಧನ, ವಿಮೆ, ಬಾಡಿಗೆ ಎಲ್ಲ ಏರಿತು. ಯುರೋಪಿಗೆ ಕಾಫಿ, ಗೋಡಂಬಿ ಕಳಿಸುವ ನಮ್ಮವರಿಗೆ ಅದು ದೊಡ್ಡ ತಲೆನೋವು. ನಿಮ್ಮ ಉದ್ದಿನಬೇಳೆಗೆ ಮಾತ್ರ ಸಂಬಂಧವೇ ಇಲ್ಲ. ನಾವು ಆಮದು ಮಾಡುವ ಉದ್ದು ಹೆಚ್ಚಾಗಿ ಬರುವುದು ಮ್ಯಾನ್ಮಾರಿನಿಂದ, ಆ ದಾರಿ ಕೆಂಪು ಸಮುದ್ರದ ಕಡೆಗೆ ಹೋಗುವುದೇ ಇಲ್ಲ. ಉದ್ದಿಗೆ ಸರಕಾರ ಕೆಲವು ವರ್ಷಗಳಿಂದ ಸುಂಕವನ್ನೂ ಬಿಟ್ಟಿದೆ. ಅದರ ರೇಟು ಏರಿದರೆ ಮಧ್ಯಪ್ರದೇಶದ ಕಡೆ ಮಳೆ ಹೇಗಾಯಿತು, ಡಾಲರ್ ಎಷ್ಟಿದೆ ಅಂತ ನೋಡಬೇಕು.

ಹೆಚ್ಚಾಗಿ ಊರಿನದೇ ಕಾರಣಕ್ಕೆ ಬೆಲೆ ಏರುವುದಕ್ಕೆ ತೆಂಗಿನೆಣ್ಣೆಗಿಂತ ದೊಡ್ಡ ಸಾಕ್ಷಿ ಬೇಕಾ? 2025ರಲ್ಲಿ ಲೀಟರಿಗೆ 400 ರೂಪಾಯಿ ದಾಟಿತು. ಸುಂಕ ಅಲ್ಲ, ಹಡಗು ಅಲ್ಲ, ಮರದಲ್ಲಿ ಕಾಯಿ ಕಡಿಮೆ, ಬೇಡಿಕೆ ಜಾಸ್ತಿ, ಅಷ್ಟೇ. ಮೀನೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುವಾಗ ಬಂಗುಡೆ ರೇಟು ಏರದೆ ಏನಾಗುತ್ತದೆ. ತರಕಾರಿಗೆ ನಮ್ಮ ಕರಾವಳಿಯಲ್ಲಿ ಸಮುದ್ರಕ್ಕಿಂತ ಘಾಟಿಯೇ ಮುಖ್ಯ. ಟೊಮೆಟೊ, ಬೀನ್ಸ್, ಕ್ಯಾರೆಟ್ ಎಲ್ಲ ಮೇಲಿನಿಂದ ಇಳಿದು ಬರಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ಲಾರಿಗಳನ್ನು ಬೇರೆ ದಾರಿಯಲ್ಲಿ ಸುತ್ತಿಸಿದರೆ ಮಾರನೇ ದಿನವೇ ಮಾರುಕಟ್ಟೆಯಲ್ಲಿ ಗೊತ್ತಾಗುತ್ತದೆ. ಅದರ ಮೇಲೆ 2025ರ ಏಪ್ರಿಲ್ 1ರಿಂದ ರಾಜ್ಯ ಸರಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು, ಅದೇ ದಿನ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಇದಕ್ಕೂ ಅಮೆರಿಕಕ್ಕೂ ಏನೂ ಸಂಬಂಧವಿಲ್ಲ. ನಿಮ್ಮ ಪುಸ್ತಕದಲ್ಲಿ ಹಾಲು, ಮೀನು, ತರಕಾರಿ, ತೆಂಗಿನೆಣ್ಣೆ, ಕುಚ್ಚಲಕ್ಕಿ ಇವಿಷ್ಟನ್ನೇ ಕೂಡಿಸಿ ನೋಡಿ. ಅಡುಗೆಮನೆಯ ಖರ್ಚಿನ ದೊಡ್ಡ ಪಾಲು ಅಲ್ಲೇ ಇದ್ದರೆ ನನಗೆ ಆಶ್ಚರ್ಯ ಇಲ್ಲ.

ಹಣದುಬ್ಬರ ಸೊನ್ನೆಯ ಹತ್ತಿರ ಬಂದರೂ ಬಿಲ್ ಯಾಕೆ ಇಳಿಯಲಿಲ್ಲ ಅಂದಿರಿ. ಇದನ್ನು ಟಿವಿಯವರು ಸರಿಯಾಗಿ ಬಿಡಿಸಿ ಹೇಳುವುದೇ ಇಲ್ಲ. ಹಣದುಬ್ಬರ ಅಂದರೆ ಬೆಲೆ ಎಷ್ಟಿದೆ ಅಂತ ಅಲ್ಲ, ಹೋದ ವರ್ಷ ಇದೇ ತಿಂಗಳಿಗಿಂತ ಎಷ್ಟು ಏರಿದೆ ಅಂತ. 2023ರ ಅಕ್ಟೋಬರಿನಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನು ಅಂತ ಹಿಡಿಯಿರಿ. 2024ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇ 6.21 ಇತ್ತು, ಹಾಗಾಗಿ ಅದು 106 ರೂಪಾಯಿ 21 ಪೈಸೆ ಆಯಿತು. 2025ರ ಅಕ್ಟೋಬರಿನಲ್ಲಿ ಹಣದುಬ್ಬರ ಬರೀ ಶೇ 0.25, ಅಂದರೆ 106 ರೂಪಾಯಿ 48 ಪೈಸೆ. ಏರಿದ 6 ರೂಪಾಯಿ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಕೂತಿದೆ. ಅದರ ಮೇಲೆ ಜಾಸ್ತಿ ಏರಲಿಲ್ಲ, ಅಷ್ಟೇ. ಹಿಂದಿನ ವರ್ಷ ತರಕಾರಿ ವಿಪರೀತ ದುಬಾರಿ ಇದ್ದದ್ದರಿಂದಲೂ, 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್ ಇಂಥವುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಬಂದದ್ದರಿಂದಲೂ ಆ ಅಂಕಿ ಅಷ್ಟು ಕೆಳಗೆ ಹೋಯಿತು. ಅದೂ ಇಡೀ ದೇಶದ ಸರಾಸರಿ. ಅದೇ ತಿಂಗಳು ಪಕ್ಕದ ಕೇರಳದಲ್ಲಿ ಹಣದುಬ್ಬರ ಶೇ 8 ದಾಟಿತ್ತು, ಅಲ್ಲಿ ತೆಂಗಿನೆಣ್ಣೆ, ಚಿನ್ನದ ಪಾಲು ಜೋರು. ನಮ್ಮ ಕರಾವಳಿಯ ಅಡುಗೆಮನೆ ಕಾಸರಗೋಡಿಗೆ ಹತ್ತಿರವೋ ದೆಹಲಿಗೆ ಹತ್ತಿರವೋ ನೀವೇ ಹೇಳಿ.

ಚಿನ್ನದ ಮಾತು ಬಂತು, ಒಂದು ಮಾತು ಹೇಳಿಬಿಡುತ್ತೇನೆ. 2024ರ ಜುಲೈ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕ ಶೇ 15ರಿಂದ 6ಕ್ಕೆ ಇಳಿಯಿತು, ಆ ವಾರವೇ ರೇಟು ಬಿತ್ತು. ಆದರೆ 2025ರ ಏಪ್ರಿಲ್ ಹೊತ್ತಿಗೆ 10 ಗ್ರಾಂ ಒಂದು ಲಕ್ಷ ದಾಟಿತ್ತು, ಹೊರಗಿನ ಬೆಲೆಯೇ ಅಷ್ಟು ಏರಿತು. ಸುಂಕದ ಕಡಿತವನ್ನು ಯಾರೂ ಕದ್ದಿಲ್ಲ, ಅದು ಇರದಿದ್ದರೆ ಇನ್ನೂ ಜಾಸ್ತಿ ಕೊಡಬೇಕಿತ್ತು. ಎಣ್ಣೆಯಲ್ಲಿಯೂ ಇದೇ ಮಾತು ಸ್ವಲ್ಪ ಮಟ್ಟಿಗೆ ನಿಜ.

ಸುಂಕ ಅಂದ ಕೂಡಲೇ ಅದು ಜನರಿಗೆ ಕೆಟ್ಟದ್ದು ಅಂತಲೂ ತಿಳಿಯಬೇಡಿ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯಲ್ಲಿ ಅಡಿಕೆ ತೋಟ ಇರುವ ಮನೆಗಳು ಎಷ್ಟಿವೆ! ಅಡಿಕೆಗೆ ಆಮದು ಸುಂಕ ಶೇ 100 ಇದೆ, ಅದರ ಮೇಲೆ ಕೆಜಿಗೆ ಇಷ್ಟಕ್ಕಿಂತ ಕಡಿಮೆ ಬೆಲೆಯ ಅಡಿಕೆ ತರುವಂತಿಲ್ಲ ಅನ್ನುವ ನಿಯಮವೂ ಇದೆ, 251 ರೂಪಾಯಿ ಇದ್ದ ಆ ಮಿತಿಯನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು. ಅದು ಇಲ್ಲದಿದ್ದರೆ ಹೊರಗಿನ ಅಗ್ಗದ ಅಡಿಕೆ ಬಂದು ಪುತ್ತೂರು, ಕಾರ್ಕಳದ ಬೆಳೆಗಾರರು ನೆಲಕಚ್ಚುತ್ತಿದ್ದರು. ರಫ್ತಿನ ಮೇಲೆ ಹಾಕುವ ಸುಂಕ ಇದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ. 2023ರ ಆಗಸ್ಟಿನಲ್ಲಿ ಕುಚ್ಚಲಕ್ಕಿ ರಫ್ತಿಗೆ ಶೇ 20 ಸುಂಕ ಹಾಕಿದ್ದು ಅಕ್ಕಿ ದೇಶದೊಳಗೇ ಉಳಿದು ರೇಟು ಹಿಡಿತದಲ್ಲಿರಲಿ ಅಂತ, 2024ರ ಅಕ್ಟೋಬರಿನಲ್ಲಿ ಅದನ್ನು ಪೂರ್ತಿ ತೆಗೆದರು. ಊಟ ಮಾಡುವವರಿಗೆ ಒಳ್ಳೆಯದಾದದ್ದು ಗದ್ದೆಯವರಿಗೆ ನಷ್ಟ. ರೂಪಾಯಿಯೂ ಹಾಗೆಯೇ. ದುಬೈಯಲ್ಲಿ ಮಗ ಇರುವ ಮನೆಗೆ ಡಾಲರ್ 75 ಇದ್ದಾಗ ಒಂದು ದಿರ್ಹಮಿಗೆ 20 ರೂಪಾಯಿ ಚಿಲ್ಲರೆ ಬರುತ್ತಿತ್ತು, 90 ಆದಾಗ 24 ದಾಟಿತು. ಅದೇ ಬೀದಿಯ ಪಕ್ಕದ ಮನೆಯಲ್ಲಿ ಗಲ್ಫಿನ ದುಡ್ಡು ಇಲ್ಲ, ಎಣ್ಣೆಯ ರೇಟು ಮಾತ್ರ ಇಬ್ಬರಿಗೂ ಒಂದೇ. ರೂಪಾಯಿ ಇಳಿದರೆ ರಫ್ತಿಗೆ ಒಳ್ಳೆಯದು ಅಂತ ಸುಲಭವಾಗಿ ಹೇಳುವವರು ಈ ಎರಡನೇ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನನಗೆ ಅದು ಸರಿ ಕಾಣುವುದಿಲ್ಲ.

ನಿಮ್ಮ ಪುಸ್ತಕದ ಬಗ್ಗೆ ಒಂದು ಕೋರಿಕೆ. ಎಣ್ಣೆಯನ್ನು ಪ್ಯಾಕೆಟ್ ಲೆಕ್ಕದಲ್ಲಿ ಬರೆಯಬೇಡಿ, ಗ್ರಾಂ ಲೆಕ್ಕದಲ್ಲಿ ಬರೆಯಿರಿ. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಈಗ 850 ಗ್ರಾಂ, 800 ಗ್ರಾಂ ಪ್ಯಾಕೆಟ್‌ಗಳೂ ಅದೇ ಗಾತ್ರದ ಕವರಿನಲ್ಲಿ ಬರುತ್ತವೆ, ಕೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 910ರ ಬದಲು 800 ಗ್ರಾಂ ಅದೇ ರೇಟಿಗೆ ಕೊಂಡರೆ ಸುಮಾರು ಶೇ 14 ಜಾಸ್ತಿ ಕೊಟ್ಟ ಹಾಗೆ, ನಾನು ಮೇಲೆ ಹೇಳಿದ ಸುಂಕದ ಕಡಿತ ಪೂರ್ತಿ ಸಿಕ್ಕಿದ್ದರೂ ಅಲ್ಲೇ ಮುಗಿದುಹೋಗುತ್ತಿತ್ತು. ಎಂಆರ್‌ಪಿ ಪಕ್ಕದಲ್ಲಿ ಗ್ರಾಂಗೋ ಕೆಜಿಗೋ ಎಷ್ಟು ಬೀಳುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಈಗ ಅದನ್ನು ಹಾಕಲೇಬೇಕು ಅಂತ ನಿಯಮ ಇದೆ. ಬಿಸ್ಕತ್ತು, ಸೋಪಿಗೂ ಇದನ್ನೇ ನೋಡಿ.

ಒಟ್ಟಿಗೆ ತಂದಿಡುವ ವಿಷಯ. ಉದ್ದು, ತೊಗರಿ ಬೇಳೆ ಒಣಗಿದ ಡಬ್ಬದಲ್ಲಿ ಎರಡು ತಿಂಗಳು ಇಟ್ಟರೆ ತೊಂದರೆ ಇಲ್ಲ, ಆದರೆ ಮಳೆಗಾಲದಲ್ಲಿ ನಮ್ಮ ಕಡೆಯ ಥಂಡಿಗೆ ಹುಳ ಹಿಡಿದರೆ ಉಳಿಸಿದ್ದಕ್ಕಿಂತ ಬಿಸಾಡಿದ್ದೇ ಜಾಸ್ತಿ ಆಗುತ್ತದೆ, ಹಾಗಾಗಿ ಜೂನಿಗೆ ಮುಂಚೆ ಒಂದು ಬಿಸಿಲು ಕಾಣಿಸಿ ಇಡಿ, ಮಳೆಗಾಲದ ನಡುವೆ ಬೇಡ. ಎಣ್ಣೆಯನ್ನು ಸುಮ್ನೆ ಕೂಡಿಡಬೇಡಿ. ಸುಂಕ ಏರಿತು ಅಂತ ರಾತ್ರಿ ಸುದ್ದಿ ಬಂದರೂ ಬೆಳಿಗ್ಗೆ ಓಡಬೇಕಾಗಿಲ್ಲ, 2024ರಲ್ಲಿ ಸುಂಕ ಏರಿದಾಗ ಒಂದೂವರೆ ತಿಂಗಳಿಗಾಗುವಷ್ಟು ಹಳೆಯ ಮಾಲು ಇದೆ ಅಂತ ಸರಕಾರವೇ ಲೆಕ್ಕ ಕೊಟ್ಟಿತ್ತು. ಪ್ಯಾಕೆಟ್ ಮೇಲೆ ತಯಾರಾದ ತಿಂಗಳು ನೋಡಿ, ಹಳೆಯ ತಿಂಗಳಿನದಾಗಿದ್ದರೆ ಹಳೆಯ ಎಂಆರ್‌ಪಿಗೇ ಕೇಳಿ ತೆಗೆದುಕೊಳ್ಳಿ. ಪ್ರಿಂಟ್ ಆದ ರೇಟಿಗಿಂತ ಒಂದು ರೂಪಾಯಿ ಜಾಸ್ತಿ ಕೇಳಿದರೂ ಕೊಡಬೇಡಿ, ಬಿಲ್ ಕೇಳಿ, ಆ ಬಿಲ್ ಹಿಡಿದು, ತೂಕ, ಅಳತೆ, ಎಂಆರ್‌ಪಿ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.